ಮಾಂದ್ಯಹಾರಿಣಿ ಮತ್ತು ನನ್ನ ಅಡುಗೆಮನೆ ನಿಘಂಟು

"ಇನ್ನು ಮೇಲೆ ನೀನು ಕಂಪ್ಯೂಟರಿಗೆ ಬೈಯೋ ಹಂಗಿಲ್ಲ ಕಣೇ!" ಎಂದು ಘೋಷಿಸುತ್ತಾ ನಮ್ಮ ಯಜಮಾನರು ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ನಡುಮನೆಗೆ ಬಂದರು. ಕೈಯಲ್ಲಿ ನನ್ನ ತವರಿನಿಂದ ಬಂದ ಉಪ್ಪಿನಕಾಯಿ ಜಾಡಿ! ಅದರ ಬಾಯಿಗೆ ಗ್ಯಾಸ್ ಒಲೆಯ ಹಳೇ ರಬ್ಬರ್ ಟ್ಯೂಬು, ಟ್ಯೂಬಿನ ನಡುವೆ ಸೈಕಲ್ ಪಂಪು, ಆ ತುದಿಯಲ್ಲಿ ಸೀಮೆಎಣ್ಣೆ ಸುರಿಯುವ ಲಾಳಿಕೆ. ಪಕ್ಕಕ್ಕೆ ತಂತಿ ಸುತ್ತಿ ಕಟ್ಟಿದ್ದ ಮಿಕ್ಸಿ ಮೋಟಾರು ಬೇರೆ.

"ರೀ, ಅದರಲ್ಲಿದ್ದ ಮಾವಿನಕಾಯಿ ಎಲ್ಲಿ?"

"ವಿಜ್ಞಾನದ ಮುಂದೆ ಮಾವಿನಕಾಯಿ ಯಾವ ಲೆಕ್ಕ!"

"ಮಾವಿನಕಾಯಿ ಎಲ್ಲಿ ಅಂದೆ."

"ಸಾರಿನ ಪಾತ್ರೆಗೆ ಸುರಿದಿದೀನಿ. ಬಾ, ಬಾ, ಕೂತ್ಕೋ."

ನಮ್ಮ ಯಜಮಾನರ ಹೆಸರು ಪಂಚಾಕ್ಷರಯ್ಯ. ತುಮಕೂರಿನ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು. ಮೇಷ್ಟ್ರುಗಳು ಪಾಠ ಮಾಡುವಾಗ ಇವರು ಹಿಂದೆ ನಿಂತು ಲೋಲಕ, ಮಸೂರ, ಕಾಂತಗಳನ್ನು ಎತ್ತಿ ಕೊಡುತ್ತಿದ್ದರು. ಒಂದೇ ಪಾಠವನ್ನು ಮೂವತ್ತೊಂದು ಸಲ ಕೇಳಿದವರಿಗೆ ಆಗುವುದು ಎರಡೇ: ಒಂದೋ ನಿದ್ದೆ, ಇಲ್ಲವೇ ಹುಚ್ಚು. ಇವರು ನಿದ್ದೆ ಮಾಡಲಿಲ್ಲ. ನಿವೃತ್ತರಾದ ಮೇಲೆ ಮಳೆ ಬಂದರೆ ಬಟ್ಟೆಯನ್ನು ತಾನೇ ಒಳಗೆಳೆದುಕೊಳ್ಳುವ ಹಗ್ಗ ಕಂಡುಹಿಡಿದರು. ಬೀದಿಯಲ್ಲಿ ಯಾರಾದರೂ ಸೀನಿದರೂ ಅದು ಮಳೆಯೆಂದೇ ತಿಳಿದು ಹಸಿ ಸೀರೆಗಳನ್ನು ನಡುಮನೆಗೆ ಎಳೆದು ತರುತ್ತಿತ್ತು.

ನನ್ನದು ಬೇರೆಯದೇ ಹುಚ್ಚು. ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವಳು. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಎಂದು ಬಸ್ಸು ಹತ್ತಿ ಇಳಿದು ಊರೂರು ತಿರುಗುವಾಗ, ಅಜ್ಜಿಯರು ಅಡುಗೆಮನೆಯಲ್ಲಿ ಆಡುವ ಮಾತುಗಳನ್ನು ಚೀಟಿಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಪಾತ್ರೆಯ ಹೆಸರು, ಹದದ ಹೆಸರು, ಹೊಗೆಯ ಹೆಸರು ಕೂಡ! ಹನ್ನೊಂದು ವರ್ಷಕ್ಕೆ ಆರು ಸಾವಿರ ಪದಗಳಾದವು. ಹೇಳಿದ ಅಜ್ಜಿಯರಲ್ಲಿ ಮುಕ್ಕಾಲು ಪಾಲು ಈಗ ಇಲ್ಲ. ಆ ಮಾತುಗಳು ಇದ್ದರೆ ನನ್ನ ಕಂಪ್ಯೂಟರಿನಲ್ಲಿ ಇದ್ದವು, ಇಲ್ಲದಿದ್ದರೆ ಇಲ್ಲ.

ಜಿಲ್ಲಾ ನುಡಿಕೋಶ ಸಮಿತಿಯವರು ಹನ್ನೆರಡು ಪುಸ್ತಕ ತರುತ್ತಿದ್ದರು, ಅದರಲ್ಲಿ ನನ್ನದೂ ಒಂದು. ಶುಕ್ರವಾರ ಸಂಜೆ ಐದಕ್ಕೆ ಕೊನೆಯ ಗಡುವು. ಸಮಿತಿಯ ಕಾರ್ಯದರ್ಶಿ ಕರಿಗಿರಿಯಪ್ಪನವರು ವಾರದಿಂದ ದಿನಕ್ಕೆರಡು ಸಲ ಫೋನು ಮಾಡಿ, "ಮೇಡಂ, ಐದು ಅಂದ್ರೆ ಐದು! ಐದೂ ಒಂದು ಆದ್ರೆ ನಿಮ್ಮ ಜಾಗಕ್ಕೆ ಅಧ್ಯಕ್ಷರ ಉತ್ತರ ಭಾರತ ಪ್ರವಾಸ ಹೋಗುತ್ತೆ!" ಎಂದು ಹೆದರಿಸುತ್ತಿದ್ದರು.

ಇಷ್ಟಾದರೂ ನನ್ನ ಕಂಪ್ಯೂಟರು ಏಳುತ್ತಿರಲಿಲ್ಲ. ಬರೆಯುವ ಆ ತಂತ್ರಾಂಶವನ್ನು ತೆರೆಯಲು ಒತ್ತಿ ಹೋದರೆ, ನಾನು ತರಕಾರಿ ಹೆಚ್ಚಿ ಬರುವಷ್ಟರಲ್ಲಿ ಅರ್ಧ ತೆರೆದಿರುತ್ತಿತ್ತು. 'ಒ' ಒತ್ತಿದರೆ ಸಾಸಿವೆ ಸಿಡಿದ ಮೇಲೆ 'ಒ' ಕಾಣಿಸುತ್ತಿತ್ತು. 'ಒನಕೆ' ಬರೆಯಲು ಒಂದು ಒಗ್ಗರಣೆ, ಒಂದು ಪಲ್ಯ, ಒಂದು ಲೋಟ ಕಾಫಿ. ಆರಿಸಿ ಹಚ್ಚಿದೆ, ಧೂಳು ಹೊಡೆದೆ, ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿದೆ, ಬೇಡದ ಫೋಟೋಗಳನ್ನು ಅಳಿಸಿದೆ, ಕೊನೆಗೆ ಕುಂಕುಮವನ್ನೂ ಇಟ್ಟೆ. ಪ್ರಯೋಜನವಾಗಲಿಲ್ಲ. ಇನ್ನೂ ನಲವತ್ತು ಪದ ಬಾಕಿ ಇದ್ದವು. ಹೀಗಾಗಿ ಗಂಡನ ಯಂತ್ರಗಳಿಗೆ ಎಂದೂ ಬೆಲೆ ಕೊಡದ ನಾನು ಅವತ್ತು ತೆಪ್ಪಗೆ ಕುರ್ಚಿಯಲ್ಲಿ ಕೂತೆ.

"ಏನ್ರೀ ಇದರ ಹೆಸರು?"

"ಮಾಂದ್ಯಹಾರಿಣಿ!"

"ಅಜೀರ್ಣದ ಲೇಹ್ಯ ಇದ್ದಂಗೈತಲ್ಲಣ್ಣ ಹೆಸ್ರು!" ಎಂದು ಕಿಟಕಿಯಾಚೆಯಿಂದ ಒಂದು ದನಿ ಬಂತು. ಅದು ಜುಬೇದಾ. ನಮ್ಮ ಪಕ್ಕದ ಮನೆಯವಳು, ಬಟ್ಟೆ ಹೊಲಿಯುವವಳು. ಅವಳ ಹೊಲಿಗೆಯ ಕೋಣೆಗೂ ನಮ್ಮ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡು, ಒಂದು ನುಗ್ಗೆಮರ. ನನ್ನ ನಿಘಂಟಿನಲ್ಲಿ ಮುನ್ನೂರು ಪದ ಈಗಿಲ್ಲದ ಅವಳ ಅಮ್ಮ ಹೇಳಿದವು.

"ನಗಬೇಡಮ್ಮ ಜುಬೇದಾ," ಎಂದರು ಯಜಮಾನರು. "ಶಕ್ತಿಯನ್ನ ನಾಶ ಮಾಡಕ್ಕಾಗಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಬೋದು ಅಷ್ಟೆ. ನಿಧಾನಾನೂ ಹಂಗೇ! ಪ್ರಪಂಚದಲ್ಲಿ ಇಷ್ಟೇ ನಿಧಾನ ಅಂತ ಐತೆ. ಎಲ್ಲೋ ಜಾಸ್ತಿ ಸೇರ್ಕೊಂಡಿರುತ್ತೆ. ಅಲ್ಲಿಂದ ಹೀರಿ ಜಾಡಿಗೆ ತುಂಬಿದ್ರೆ ಮುಗೀತು!"

ಲಾಳಿಕೆಯನ್ನು ಕಂಪ್ಯೂಟರಿನ ಡಬ್ಬದ ಫ್ಯಾನಿಗೆ ಕವುಚಿ ಹಿಡಿದರು, ಮೋಟಾರು ಹಚ್ಚಿದರು, ಪಂಪು ಒತ್ತತೊಡಗಿದರು. ಟ್ಯೂಬಿನೊಳಗೆ ಗಂಜಿ ಹರಿದಂತೆ ಏನೋ ಲೊಳಕ್, ಲೊಳಕ್ ಎಂದಿತು.

ನಾನು 'ಸೌಟು' ಎಂದು ಒತ್ತಿದೆ. ಸೌಟು ಬಂತು! ಬೆರಳು ಏಳುವ ಮೊದಲೇ ಬಂತು!

"ಬಂತು ರೀ!" ಎಂದು ಕಿರುಚಿದೆ. ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನಗೆ ಗಂಡನ ಮೇಲೆ ಗೌರವ ಉಕ್ಕಿತು. ಹೆಚ್ಚು ಹೊತ್ತು ನಿಲ್ಲಲಿಲ್ಲ, ಆದರೂ ಉಕ್ಕಿತು.

ಹನ್ನೊಂದೂವರೆಯೊಳಗೆ ಬಾಕಿ ನಲವತ್ತು ಪದವೂ ಮುಗಿದವು. ನನ್ನ ಎದೆಯ ಮೇಲಿನ ಬಂಡೆಗಲ್ಲು ಇಳಿದಂತಾಯಿತು. "ಸಾಕು ನಿಲ್ಸಿ ರೀ," ಎಂದೆ.

"ಇನ್ನೊಂಚೂರು ಐತೆ ಕಣೇ ತಳದಲ್ಲಿ."

"ಇರಲಿ ಬಿಡಿ, ಕಂಪ್ಯೂಟರಿಗೂ ಒಂಚೂರು ಬೇಕಾಗುತ್ತೆ."

"ಅರ್ಧಂಬರ್ಧ ಕೆಲಸ ನನ್ನ ಜಾತಕದಲ್ಲಿಲ್ಲ!" ಎಂದು ಅವರು ಇನ್ನೂ ಜೋರಾಗಿ ಪಂಪು ಒತ್ತಿದರು.

ಆಗ ಕಣ್ಣು ಜಾಡಿಯ ಕಡೆ ಹೋಯಿತು. ಪಕ್ಕದಲ್ಲಿ ಇರುವೆಗಳ ಸಾಲೊಂದು ಹೋಗುತ್ತಿತ್ತು. ಜಾಡಿಯ ಹತ್ತಿರ ಬಂದ ಇರುವೆಗಳು ಒಂದು ಕಾಲೆತ್ತಿ, ಏನೋ ಮರೆತು ಹೋದವರಂತೆ ನಿಂತು, ಎಷ್ಟೋ ಹೊತ್ತಾದ ಮೇಲೆ ಅದನ್ನು ಕೆಳಗಿಡುತ್ತಿದ್ದವು. ಹಿಂದಿನವು ಬಂದು ಡಿಕ್ಕಿ ಹೊಡೆದು ಅವೂ ನಿಲ್ಲುತ್ತಿದ್ದವು.

"ರೀ, ಜಾಡಿ ತುಂಬಿದೆ!"

"ಹೌದಲ್ಲ! ತೂಕಾನೂ ಬಂದೈತೆ," ಎಂದು ಅದನ್ನು ಎತ್ತಿಕೊಂಡು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಇಡುವಾಗ ಒಂಚೂರು ತುಳುಕಿತು.

*

ಅಲ್ಲಿ ಒಲೆಯ ಮೇಲೆ ಕುಕ್ಕರು ಇತ್ತು. ಎರಡು ಸೀಟಿ ಆಗಿತ್ತು, ಮೂರನೆಯದು ಬರಬೇಕು. ಬಂತು. "ಸೂ..." ಎಂದು ಶುರುವಾದದ್ದು ನಿಲ್ಲಲೇ ಇಲ್ಲ! ದನಿ ಇಳಿಯುತ್ತ ಇಳಿಯುತ್ತ ಗೂಳಿ ಗುಟುರು ಹಾಕಿದಂತಾಯಿತು. ಗೋಡೆಯ ಮೇಲಿನ ತಟ್ಟೆಗಳು ಗುಂಯ್ ಎಂದು ನಡುಗಿದವು. ಒಲೆಯ ಜ್ವಾಲೆ ಸೋಮಾರಿ ನಾಲಗೆಯಂತೆ ಎತ್ತಲೋ ಹೊರಳಿ ಮತ್ತೆಲ್ಲೋ ಮಲಗಿತು. ಮೇಲೆ ಫ್ಯಾನು ತಿರುಗುತ್ತಿತ್ತೋ ನಿಂತಿತ್ತೋ, ಅದರ ರೆಕ್ಕೆಯ ಮೇಲಿನ ಧೂಳನ್ನು ಎಣಿಸಬಹುದಿತ್ತು.

"ಅಯ್ಯೋ, ಚೆಲ್ಲಿಬಿಟ್ರಲ್ಲ ರೀ! ಇದನ್ನ ಮೊದಲು ಹೊರಗೆ ಹಾಕಿ!"

"ಗಾಬರಿ ಆಗಬೇಡ, ಗಾಬರಿ..." ಎಂದು ಜಾಡಿಯನ್ನು ಅವರು ತಬ್ಬಿ ಹಿಡಿದರು. ಹಾಗೆ ತಬ್ಬಿದ್ದೇ ತಪ್ಪಾಯಿತು. ಹಿತ್ತಲ ಬಾಗಿಲು ದಾಟುವಾಗ ಒಂದು ಹೆಜ್ಜೆ ಎತ್ತಿದರು. ನಾನು ಪಾತ್ರೆ ತೊಳೆದು ತಿರುಗಿ ನೋಡಿದಾಗಲೂ ಆ ಕಾಲು ಕೆಳಗಿಳಿದಿರಲಿಲ್ಲ.

"ರೀ!"

"ನಾ..." ಎಂದರು.

"ಏನು?"

"...ನು..."

"ನೀವು? ಏನು ಹೇಳಿ ಬೇಗ!"

"...ಮೊ..."

ಮೂವತ್ತನಾಲ್ಕು ವರ್ಷ ನನ್ನ ಮಾತಿನ ನಡುವೆ ಬಾಯಿ ಹಾಕಿದವರು! ಅವರ ಒಂದೊಂದು ಅಕ್ಷರದ ನಡುವೆ ನಾನು ಈಗ ಎರಡೆರಡು ವಾಕ್ಯ ಸೇರಿಸಬಹುದಿತ್ತು. ಸೇರಿಸಿದೆ ಕೂಡ. ಮಾವಿನಕಾಯಿಯ ವಿಷಯ, ಹಸಿ ಸೀರೆಯ ವಿಷಯ, ನಮ್ಮ ತಂಗಿಯ ಮದುವೆಗೆ ತಡವಾಗಿ ಬಂದ ವಿಷಯ, ಎಲ್ಲ ಹೇಳಿ ಮುಗಿಸಿದೆ. ಅಷ್ಟರಲ್ಲಿ ಅವರು ನುಗ್ಗೆಮರದವರೆಗೆ ತಲುಪಿ, ಜಾಡಿಯ ಅರ್ಧವನ್ನು ಕಾಂಪೌಂಡಿನ ಬುಡಕ್ಕೆ ಸುರಿದರು. ಜೇನುತುಪ್ಪ ಇಳಿದಂತೆ ಅದು ಇಳಿಯಿತು. ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಇಳಿದ ಕಡೆಯೆಲ್ಲ ನುಗ್ಗೆ ಎಲೆಗಳು ಅಲ್ಲಾಡುವುದನ್ನು ನಿಲ್ಲಿಸಿದವು.

ಎರಡು ನಿಮಿಷಕ್ಕೆ ಗೋಡೆಯಾಚೆಯಿಂದ ಜುಬೇದಾ ಕೂಗಿದಳು. "ಅಕ್ಕಾ! ಸುಮಂಗಳಕ್ಕಾ! ನನ್ನ ಮಿಷನ್‌ಗೆ ಏನು ಮಾಡಿದ್ರಿ?"

"ಏನಾಯ್ತು ಜುಬೇದಾ?"

"ಒಂದು ಹೊಲಿಗೆ ಬೀಳೋಷ್ಟರಲ್ಲಿ ಒಂದು ಲೋಟ ಟೀ ಕುಡಿದೆ ಕಣಕ್ಕ! ಸೂಜಿ ಮೇಲೆ ಹೋಗಿದ್ದು ಕೆಳಗೇ ಬರ್ತಿಲ್ಲ! ನಾಲ್ಕು ಗಂಟೆಗೆ ಮದುಮಗಳ ಅಮ್ಮ ಬರ್ತಾಳೆ, ಬ್ಲೌಸಿಗೆ ಇನ್ನೂ ತೋಳೇ ಕೂರಿಸಿಲ್ಲ. ತೋಳಿಲ್ಲದ ಬ್ಲೌಸ್ ಹಾಕ್ಕೊಂಡು ನಿಖಾಕ್ಕೆ ಕೂರಬೇಕಾ ಆ ಹುಡುಗಿ?"

ಜುಬೇದಾ ಎಂದರೆ ಕೈಯಲ್ಲಿ ಅಳತೆ ಟೇಪು ಹಿಡಿದ ಬಿರುಗಾಳಿ. ಮರುಕ್ಷಣವೇ ನಮ್ಮ ಹಿತ್ತಲಿಗೆ ನುಗ್ಗಿದಳು. ಕಾಲೆತ್ತಿಕೊಂಡು ನಿಂತಿದ್ದ ಯಜಮಾನರನ್ನು ಸುತ್ತು ಬಂದು ನೋಡಿದಳು.

"ಅಣ್ಣಂಗೆ ಏನಾಗೈತೆ?"

"ಏನೋ ಹೇಳಕ್ಕೆ ಹೊರಟಿದಾರೆ. ಇನ್ನೂ ಎರಡನೇ ಪದದಲ್ಲೇ ಇದಾರೆ."

"...ದ..." ಎಂದರು ಅವರು.

ಆಗಲೇ ನಡುಮನೆಯಿಂದ ಟರ್ ಎಂದು ಒಂದು ಸದ್ದು ಕೇಳಿಸಿತು. ತಗಡಿನ ಮೇಲೆ ಸೋನೆಮಳೆ ಬಿದ್ದಂಥ ಸದ್ದು. ಇಬ್ಬರೂ ಓಡಿದೆವು.

*

ಕಂಪ್ಯೂಟರಿನ ಮುಂದೆ ಯಾರೂ ಇರಲಿಲ್ಲ. ಆದರೂ ಪರದೆಯ ಮೇಲೆ ಪುಟಗಳು ಗಾಳಿಗೆ ಸಿಕ್ಕ ಕ್ಯಾಲೆಂಡರಿನಂತೆ ಹಾರುತ್ತಿದ್ದವು. ಒಂದೊಂದು ಪದದ ಕೆಳಗೂ ಕೆಂಪು ಗೆರೆ ಮೂಡುತ್ತಿತ್ತು, ಪದ ಬದಲಾಗುತ್ತಿತ್ತು, ಗೆರೆ ಮಾಯವಾಗುತ್ತಿತ್ತು.

ಹಾರುವುದರಲ್ಲೇ ಕಣ್ಣಿಗೆ ಸಿಕ್ಕ ಒಂದು ಪುಟ ಓದಿದೆ.

"ಬಾಣಂತಿ: ಎಣ್ಣೆ ಕಾಯಿಸಿ ಬಜ್ಜಿ ಕರಿಯುವ ಕಬ್ಬಿಣದ ಪಾತ್ರೆ."

ನನ್ನ ಬಾಣಲೆ! ಮುಂದೆ ನೋಡಿದೆ.

"ಜಗಳ: ಹಿಟ್ಟು ಸೋಸಲು ದಿನವೂ ಬಳಸುವ ಸಾಧನ." ಅದು ನಾನು ಬರೆದ ಜರಡಿ.

"ಕಡೆಗಾಲ: ಇದರಿಂದ ಮೊಸರು ಕಡೆದರೆ ಬೆಣ್ಣೆ ಬರುತ್ತದೆ." ಅದು ಕಡೆಗೋಲು.

"ಕಲಬುರಗಿ: ಅಕ್ಕಿ ತೊಳೆದ ನೀರು, ಅನ್ನದ ಗಂಜಿ ಸೇರಿಸಿ ಹಸುವಿಗೆ ಕುಡಿಸುವುದು." ಅದು ಕಲಗಚ್ಚು!

ಜುಬೇದಾ ನನ್ನ ಹೆಗಲ ಮೇಲಿಂದ ಬಗ್ಗಿ ಇನ್ನೊಂದನ್ನು ಓದಿದಳು. "ಮಾವನ ಉಪ್ಪಿನಕಾಯಿ: ಚೆನ್ನಾಗಿ ಒರೆಸಿ, ಹೋಳು ಮಾಡಿ, ಉಪ್ಪು ಬೆರೆಸಿ ಮೂರು ದಿನ ಬಿಸಿಲಿಗಿಡಬೇಕು. ಅಕ್ಕಾ! ಯಾರ ಮಾವ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆಗ ನನಗೆ ಅರ್ಥವಾಯಿತು. ಆ ತಂತ್ರಾಂಶದೊಳಗೆ ಕಾಗುಣಿತ ತಿದ್ದುವ ಒಬ್ಬ ಸಣ್ಣ ಪಂಡಿತ ಇದ್ದಾನೆ. ಅವನ ಬಳಿ ಅವನದೇ ಒಂದು ಪದಪಟ್ಟಿ ಇದೆ. ಅದರಲ್ಲಿ ಪಾವಗಡದ ಅಜ್ಜಿಯ ಮಾತು ಎಲ್ಲಿಂದ ಬರಬೇಕು? ನಾನು ಒಂದೊಂದು ಪದ ಬರೆದಾಗಲೂ ಅವನು ಪಟ್ಟಿಯನ್ನೆಲ್ಲ ಹುಡುಕುತ್ತಿದ್ದ, ಸಿಗದೆ ಮತ್ತೆ ಮೊದಲಿಂದ ಹುಡುಕುತ್ತಿದ್ದ. ಆರು ಸಾವಿರ ಪದ, ಆರು ಸಾವಿರ ಸಲ! ಕಂಪ್ಯೂಟರು ನಿಧಾನವಾಗದೆ ಏನಾಗಬೇಕು? ಗೊತ್ತಿಲ್ಲದ ಮಾತು ಕೇಳಿದರೆ ಯಾರಾದರೂ ಒಂದು ಗಳಿಗೆ ತಡವರಿಸುತ್ತಾರೆ. ಈಗ ನಮ್ಮ ಯಜಮಾನರು ಆ ತಡವರಿಕೆಯನ್ನೆಲ್ಲ ಕೊನೆಯ ಹನಿಯವರೆಗೆ ಹೀರಿಬಿಟ್ಟಿದ್ದರು. ಪಂಡಿತನಿಗೆ ಅನುಮಾನವೇ ಇಲ್ಲ! ಗೊತ್ತಿಲ್ಲದ್ದನ್ನೆಲ್ಲ ಗೊತ್ತಿದ್ದದ್ದಾಗಿ ತಿದ್ದುತ್ತಾ ಹೊರಟಿದ್ದ.

ತಿದ್ದುಪಡಿಯನ್ನು ಹಿಂದಕ್ಕೆ ತರುವ ಗುಂಡಿ ಒತ್ತಿದೆ. ಬಾಣಂತಿ ಹೋಗಿ ಬಾಣಲೆ ಬಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ಹೋಗಿ ಬಾಣಂತಿ ಬಂತು! ಪಂಡಿತನನ್ನೇ ಮನೆಗೆ ಕಳಿಸಬೇಕೆಂದರೆ ಒಂದು ಪುಟ್ಟ ಚೌಕದಲ್ಲಿನ ಗುರುತು ತೆಗೆಯಬೇಕು. ಆ ಚೌಕವಿರುವ ಕಿಟಕಿಯನ್ನು ತೆರೆದರೆ, ಬಾಣದ ಗುರುತು ಅಲ್ಲಿಗೆ ಹೋಗುವ ಮೊದಲೇ ಕಿಟಕಿ ತೆರೆದು, ಮುಚ್ಚಿ, 'ಧನ್ಯವಾದ' ಎಂದುಬಿಡುತ್ತಿತ್ತು.

"ವೈರು ಕಿತ್ತಾಕಿ ಅಕ್ಕಾ!"

"ಕಿತ್ತರೆ ಹೆಂಗಿದೆಯೋ ಹಂಗೇ ಉಳ್ಕೊಳ್ಳುತ್ತೆ ಜುಬೇದಾ! ತಿದ್ದಿದ್ದನ್ನೂ ಆಗಲೇ ಉಳಿಸ್ತಾ ಕೂತಿದೆ. ಇದು ಒಂಚೂರು ನಿಧಾನ ಆಗಬೇಕು. ನನಗೆ ನನ್ನ ನಿಧಾನ ವಾಪಸ್ ಬೇಕು!"

"ನನ್ನ ಮಿಷನ್ನಿಂದ ಆ ನಿಧಾನ ಹೋಗಬೇಕು!" ಎಂದಳು ಜುಬೇದಾ.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಂಟೆ ಎರಡೂಕಾಲು.

*

ಲಾಳಿಕೆ ನನ್ನ ಕೈಗೆ, ಪಂಪು ಜುಬೇದಾಳ ಕೈಗೆ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು, ಪಂಪನ್ನು ಕೈಯಲ್ಲೇಕೆ ಒತ್ತಬೇಕೆಂದು ನೆಲದ ಮೇಲಿಟ್ಟು ಕಾಲಲ್ಲೇ ತುಳಿದಳು.

ಮೊದಲು ಯಜಮಾನರ ತಲೆಗೆ ಲಾಳಿಕೆ ಕವುಚಿದೆ. ಜಾಡಿಯಲ್ಲಿ ಉಳಿದಿದ್ದ ಅರ್ಧದ ಜೊತೆ ಅವರದೂ ಲೊಳಕ್ ಎಂದು ಸೇರಿತು. ಎತ್ತಿದ ಕಾಲು ಧಪ್ಪೆಂದು ನೆಲಕ್ಕೆ ಬಿತ್ತು, ನಿಂತುಹೋಗಿದ್ದ ಮಾತು ಒಂದೇ ಉಸಿರಿಗೆ ಹೊರಬಂತು.

"...ಲೇ ಹೇಳಿರಲಿಲ್ವಾ ಜಾಡಿ ಚಿಕ್ಕದಾಯ್ತು ಅಂತ!"

"ಇದನ್ನ ಹೇಳಕ್ಕೆ ಎರಡು ಗಂಟೆ ಬೇಕಾಯ್ತಾ? ಹಿಡೀರಿ ಈ ಟ್ಯೂಬನ್ನ!"

"ಮತ್ತೆ ನಮ್ಮ ತಂಗಿ ಮದುವೆ ವಿಷಯ ಏನೋ ಅಂದೆಯಲ್ಲ? ನನಗೆಲ್ಲ ಕೇಳಿಸ್ತಿತ್ತು!"

"ನಿಮ್ಮ ತಂಗಿ ಅಲ್ಲ, ನನ್ನ ತಂಗಿ! ಆಮೇಲೆ ಜಗಳ ಆಡೋಣ, ಮೊದಲು ಕುಕ್ಕರು!"

ಕುಕ್ಕರಿನ ಗುಟುರನ್ನು ಹೀರಿದಾಗ ಅದು ಕಿರ್ ಎಂದು ಒಂದೇ ಸಲ ಹನ್ನೆರಡು ಸೀಟಿ ಹೊಡೆದು ಸುಮ್ಮನಾಯಿತು. ಒಳಗಿನ ಬೇಳೆಯ ಗತಿ ಕೇಳಬೇಡಿ. ಫ್ಯಾನಿನದ್ದನ್ನು ತೆಗೆಯಲು ಯಜಮಾನರು ಸ್ಟೂಲು ಹತ್ತಿದರು. ಅದು ಗರ್ರೆಂದು ತಿರುಗಿದ ರಭಸಕ್ಕೆ ಅಡುಗೆಮನೆಯ ರಾಗಿಹಿಟ್ಟೆಲ್ಲ ಅವರ ಮುಖಕ್ಕೆ ಬಂತು. ಅವರು ಹಾಗೇ ಬೂದು ಮುಖದಲ್ಲಿರುವಾಗಲೇ ಮೂವರೂ ಕಾಂಪೌಂಡು ಹತ್ತಿ, ನುಗ್ಗೆಮರದ ಬುಡ ಬಗ್ಗಿ ಹೀರಿ, ಜುಬೇದಾಳ ಹೊಲಿಗೆ ಕೋಣೆಗೆ ಇಳಿದೆವು.

"ನಿಧಾನ, ಅಕ್ಕ, ಸೂಜಿ ಮುರೀಬೇಡಿ!"

"ನಿಧಾನ ಅನ್ನೋ ಮಾತು ಮಾತ್ರ ಇವತ್ತು ನನ್ನ ಹತ್ರ ಆಡಬೇಡ!"

ಹೊಲಿಗೆ ಯಂತ್ರದಿಂದ ಹೊರಬಂದದ್ದು ಒಳ್ಳೆ ಗಟ್ಟಿ ನಿಧಾನ. ಜಾಡಿ ತುಂಬಿತು. ಯಂತ್ರ ಟಕಟಕ ಎಂದು ಎಂದಿನಂತೆ ಓಡಿತು. ಜುಬೇದಾ ಕುರ್ಚಿ ಎಳೆದು ತೋಳಿಗೆ ಕೈ ಹಾಕಿದಳು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದಳು. "ಇದು ಅರ್ಧ ಗಂಟೆ ಕೆಲಸ. ಮುಗಿಸಿ ಬರ್ತೀನಿ. ಅಮ್ಮಿಯ ಮಾತು ಹೋಗಗೊಡಬೇಡಿ ಅಕ್ಕಾ!"

*

ಯಜಮಾನರು ಜಾಡಿಯನ್ನು ಕಂಪ್ಯೂಟರಿಗೆ ಉಲ್ಟಾ ಜೋಡಿಸಿ, ಮೋಟಾರನ್ನು ಹಿಂದುಮುಂದಾಗಿ ತಿರುಗಿಸಿದರು.

"ಎಷ್ಟು ಬಿಡಲಿ?"

"ಪೂರ್ತಿ ಬಿಡಿ!"

"ಬೆಳಗ್ಗೆ ಕಂಪ್ಯೂಟರಲ್ಲಿ ಇದ್ದಿದ್ದಕ್ಕಿಂತ ಇದು ಜಾಸ್ತಿ ಐತೆ ಕಣೇ. ಕುಕ್ಕರಿನದು, ಮಿಷನ್ನಿನದು, ನನ್ನದು, ಎಲ್ಲ ಸೇರಿದೆ."

"ನಿಮ್ಮದು ಸೇರಿದ್ರೆ ಜಾಸ್ತಿ ಆಗ್ದೆ ಇರುತ್ತಾ? ಬಿಡಿ!"

ಪುಟಗಳ ಹಾರಾಟ ನಿಂತಿತು. ಪಂಡಿತ ಒಂದು ಪದದ ಕೆಳಗೆ ಅರ್ಧ ಕೆಂಪು ಗೆರೆ ಎಳೆದು ಹಾಗೇ ಯೋಚಿಸುತ್ತಾ ನಿಂತ. ನಾನು ಕಿಟಕಿ ತೆರೆಯಲು ಒತ್ತಿದೆ. ಗಂಟೆ ಮೂರೂಕಾಲು. ಕಿಟಕಿಯ ಮೇಲಂಚು ಕಂಡಿತು. ಗಂಟೆ ಮೂರೂವರೆ. ಕೆಳಗಿನ ಅಂಚು ಕಂಡಿತು. ಚೌಕದ ಗುರುತು ತೆಗೆದೆ. ಅಷ್ಟೇ! ಅಷ್ಟು ತಿಂಗಳಿಂದ ನಾನು ಪಟ್ಟ ಪಾಡಿಗೆಲ್ಲ ಮದ್ದು ಒಂದೇ ಒಂದು ಗುರುತು! ಯಜಮಾನರು ಅದನ್ನು ನೋಡಿ, "ಇಷ್ಟೇನಾ?" ಎಂದರು. ನಾನು ತಿರುಗಿ ನೋಡಿದ ರೀತಿಗೆ ಟ್ಯೂಬನ್ನು ಒರೆಸತೊಡಗಿದರು.

ಪಂಡಿತ ಜಾಗ ಖಾಲಿ ಮಾಡಿದ ಮೇಲೆ ಕಂಪ್ಯೂಟರು ಒಂಚೂರು ಹಗುರಾಗಿ, ಹಿಂದಕ್ಕೆ ತರುವ ಗುಂಡಿ ಒಂದು ಹಂತದವರೆಗೆ ಎಲ್ಲವನ್ನೂ ಸರಿಪಡಿಸಿತು. ಕೊನೆಗೆ, "ಇನ್ನು ಆಗುವುದಿಲ್ಲ" ಎಂದಿತು. ಎಣಿಸಿದೆ, ಇಪ್ಪತ್ತಾರು ಪದ ಪಂಡಿತನ ಬಾಯಲ್ಲೇ ಉಳಿದಿದ್ದವು. ಚೀಟಿಗಳ ಪೆಟ್ಟಿಗೆ ತಂದು ನೆಲಕ್ಕೆ ಸುರಿದೆ. ಯಜಮಾನರು ರಾಗಿಹಿಟ್ಟಿನ ಕೈಯಲ್ಲೇ ಹುಡುಕಿ ಕೊಡತೊಡಗಿದರು. ಮೂವತ್ತೊಂದು ವರ್ಷ ಬೇರೆಯವರಿಗೆ ಕೇಳಿದ್ದನ್ನು ಎತ್ತಿ ಕೊಟ್ಟ ಕೈ ಅದು. ಕೊಡದ ಕೆಳಗಿಡುವ 'ಸಿಂಬಿ' ಎನ್ನುವಷ್ಟರಲ್ಲಿ ಚೀಟಿ ಮುಂದಿರುತ್ತಿತ್ತು. ಗೋಡೆಯ ಹಲಗೆ 'ನಾಗಂದಿಗೆ', ಮುಂದಿರುತ್ತಿತ್ತು. ಅವರು ಮಾತಾಡದೆ ಕೆಲಸ ಮಾಡಿದರೆ ಎಷ್ಟು ಚೆನ್ನ ಎಂದು ನನಗೆ ಆಗಲೇ ಗೊತ್ತಾದದ್ದು.

ಮೂರು ಚೀಟಿ ಮಾತ್ರ ಸಿಗಲಿಲ್ಲ. ಮೂರೂ ಜುಬೇದಾಳ ಅಮ್ಮನವು. ಪರದೆಯ ಮೇಲೆ ಅವುಗಳ ಜಾಗದಲ್ಲಿ ಪಂಡಿತ ಯಾವುದೋ ಪತ್ರಿಕೆಯ ಭಾಷೆ ಕೂರಿಸಿದ್ದ. ನಾನು ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ಹೀಗೇ ಅಲ್ಲವೇ ಹೋಗುವುದು ಎನಿಸಿ ಕಣ್ಣು ತುಂಬಿತು.

ನಾಲ್ಕೂ ಹತ್ತಕ್ಕೆ ಜುಬೇದಾ ಕತ್ತಿನಲ್ಲಿ ಟೇಪು, ಬಾಯಲ್ಲಿ ದಾರದ ತುಂಡು ಸಮೇತ ಬಂದಳು. "ಕೊಟ್ಟು ಕಳಿಸಿದೆ! ಯಾವ ಮಾತಕ್ಕ?"

ನಾನು ಅರ್ಥಗಳನ್ನು ಓದಿದೆ. ಅವಳು ಕಣ್ಣು ಮುಚ್ಚಿದಳು. ರೊಟ್ಟಿ ತಟ್ಟುವವಳಂತೆ ಗಾಳಿಯಲ್ಲಿ ಎರಡೂ ಕೈ ಆಡಿಸಿದಳು. ಕೈ ಆಡಿದ ಮೇಲೆ ಬಾಯಿಗೆ ಮಾತು ಬಂತು. ಒಂದು, ಎರಡು. ಮೂರನೆಯದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಯಜಮಾನರು ತುಟಿ ಅಲ್ಲಾಡಿಸಿದರು, ನಾನು ಅವರ ಕೈ ಅದುಮಿದೆ. ಅದೂ ಬಂತು. ಬರೆದೆ. ಒಂದೊಂದು ಅಕ್ಷರವೂ ಬಸುರಿ ಹೆಂಗಸು ಮೆಟ್ಟಿಲು ಹತ್ತಿದಂತೆ ಪರದೆಗೆ ಬಂತು.

ನಾಲ್ಕೂ ಐವತ್ತೆರಡಕ್ಕೆ ಮಿಂಚಂಚೆಗೆ ಕಡತವನ್ನು ಲಗತ್ತಿಸಿ 'ಕಳಿಸು' ಒತ್ತಿದೆ. ಫೋನು ಬಡಿದುಕೊಂಡಿತು.

"ಮೇಡಂ! ಇನ್ನು ಎಂಟೇ ನಿಮಿಷ! ಐದು ಅಂದ್ರೆ ಐದು!" ಕರಿಗಿರಿಯಪ್ಪನವರ ದನಿ ಪಟಾಕಿ ಸರದಂತಿತ್ತು. "ಪ್ರವಾಸಕಥನ ನನ್ನ ಮೇಜಿನ ಮೇಲೇ ಇದೆ!"

"ಬರ್ತಾ ಇದೆ ಸಾರ್, ದಾರೀಲಿದೆ!"

ಪರದೆಯ ಮೇಲಿನ ಹಸಿರು ಪಟ್ಟಿ ಕಂಬಳಿಹುಳದಂತೆ ತೆವಳಿತು. ಜುಬೇದಾ ಅದಕ್ಕೆ ಕೇಳಿಸುವಂತೆ "ನಡಿ, ನಡಿ ಮಗಾ," ಎಂದು ಪುಸಲಾಯಿಸಿದಳು. ನಾಲ್ಕೂ ಐವತ್ತೆಂಟಕ್ಕೆ ಪಟ್ಟಿ ತುಂಬಿತು. 'ಕಳಿಸಲಾಗಿದೆ' ಎಂದು ಬಂತು. ಬಂದದ್ದು ಎಷ್ಟು ಥಟ್ಟನೆ ಎಂದರೆ, ನಾನು ಬೆಚ್ಚಿಬಿದ್ದೆ.

ಯಜಮಾನರು ಅನುಮಾನದಿಂದ ಲಾಳಿಕೆಯನ್ನು ಕಂಪ್ಯೂಟರಿನ ಫ್ಯಾನಿಗೆ ಹಿಡಿದು ಎರಡು ಸಲ ಪಂಪು ಒತ್ತಿದರು. ಟ್ಯೂಬು ಬರೀ ಗಾಳಿ ಊದಿತು.

"ಸುಮಂಗಳಾ," ಎಂದರು ಮೆಲ್ಲಗೆ. "ಇದರೊಳಗೆ ನಿಧಾನ ಒಂದು ಹನೀನೂ ಇಲ್ಲ."

"ಅಷ್ಟೊಂದು ಸುರಿದ್ರಲ್ಲ, ಎಲ್ಲಿಗೆ ಹೋಯ್ತು?"

"ಕಡತದಲ್ಲಿ ಸೇರ್ಕೊಂಡು..." ಎಂದು ಅವರು ಫೋನಿನ ಕಡೆ ನೋಡಿದರು. ರಿಸೀವರು ಇನ್ನೂ ನನ್ನ ಕಿವಿಯಲ್ಲೇ ಇತ್ತು.

"ಬಂ..." ಎಂದರು ಕರಿಗಿರಿಯಪ್ಪನವರು.

"ಸಾರ್?"

"...ತು..."

ಆಮೇಲೆ ಐದೂಕಾಲಿನವರೆಗೆ ಕಾದರೂ "ಮೇ" ದಾಟಲಿಲ್ಲ. ನಮಸ್ಕಾರ ಹೇಳಿ ಇಟ್ಟೆ.

ಸೋಮವಾರ ನಾವು ಮೂವರೂ ಮಾಂದ್ಯಹಾರಿಣಿಯನ್ನು ಚೀಲದಲ್ಲಿಟ್ಟುಕೊಂಡು ಸಮಿತಿಯ ಕಚೇರಿಗೆ ಹೋದೆವು. ತಪ್ಪು ನಮ್ಮದು, ಹೀರಿಕೊಂಡು ಬರುವುದು ನ್ಯಾಯ. ಆದರೆ ಬಾಗಿಲಲ್ಲಿದ್ದ ಜವಾನ ಚೀಲ ತೋರಿಸಿ ಎಂದ. ಟ್ಯೂಬು, ಮೋಟಾರು, ತಂತಿ ನೋಡಿ ಹೌಹಾರಿ ಒಳಗೆ ಬಿಡಲಿಲ್ಲ. "ಏನಿದ್ರೂ ಅರ್ಜಿ ಕೊಡಿ, ಸಾಹೇಬ್ರು ನೋಡಿ ಹೇಳ್ತಾರೆ," ಎಂದ. ಅರ್ಜಿ ಕೊಟ್ಟೆವು. ಸಾಹೇಬರು ಇನ್ನೂ ನೋಡುತ್ತಿದ್ದಾರೆ.

ಸಮಿತಿಯ ತಿದ್ದುಪಡಿ ಮಂಡಳಿ ಉಳಿದ ಪುಸ್ತಕಗಳ ಭಾಷೆಯನ್ನೆಲ್ಲ ಅಂದಗೊಳಿಸಿ ಯಾರೂ ಓದದಂತೆ ಮಾಡಿದ್ದು ಅದಕ್ಕೆ ಮೊದಲೇ. ನನ್ನದರ ಸರದಿ ಬಂದಾಗ ಮುದ್ರಣಾಲಯದವರು, ಅದನ್ನು ಮಂಡಳಿಗೆ ದಾಟಿಸಬೇಕಾದ ಕರಿಗಿರಿಯಪ್ಪನವರಿಗೆ ಫೋನು ಮಾಡಿ, "ಸಾರ್, ಇದರಲ್ಲಿ ತಿದ್ದೋದು ಏನಾದ್ರೂ ಇದೆಯಾ?" ಎಂದು ಕೇಳಿದರಂತೆ. ಅವರು "ಇ..." ಎಂದರಂತೆ. ಮುದ್ರಣಾಲಯದವರು ಒಂದು ದಿನ ಕಾದು ಅಚ್ಚು ಹಾಕಿಬಿಟ್ಟರು. ಅವರು ಹೇಳಹೊರಟದ್ದು 'ಇದೆ' ಎಂದೋ 'ಇಲ್ಲ' ಎಂದೋ ಇವತ್ತಿಗೂ ಯಾರಿಗೂ ತಿಳಿದಿಲ್ಲ. ಪುಸ್ತಕ ಮಾತ್ರ ಹೋದ ತಿಂಗಳು ಎರಡನೆಯ ಮುದ್ರಣಕ್ಕೆ ಹೋಯಿತು.